ತುಕ್ಕಿಗೆ ಸತು ಕೊಟ್ಟ ಹಂಫ್ರಿ ಡೇವಿ

ಹಂಫ್ರಿ ಡೇವಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಎರಡೇ ವಿಷಯ. ಒಂದು, ಹೈಸ್ಕೂಲ್ ಪುಸ್ತಕದಲ್ಲಿದ್ದ ಗಣಿ ಕಾರ್ಮಿಕರ ಸುರಕ್ಷಾ ದೀಪ. ಇನ್ನೊಂದು, ಸೋಡಿಯಂ ಮತ್ತು ಪೊಟ್ಯಾಸಿಯಂ ಕಂಡುಹಿಡಿದವನು ಯಾರು ಅನ್ನೋ ಒಂದು ಮಾರ್ಕಿನ ಪ್ರಶ್ನೆಯ ಉತ್ತರ. ಇವೆರಡರ ಜೊತೆ ಅವನ ಬದುಕಿನಲ್ಲಿ ಮೂರನೆಯ ಕಥೆಯೊಂದಿದೆ. ಅದು ಪರೀಕ್ಷೆಗೆ ಬರಲ್ಲ. ಆದರೆ ಮಲ್ಪೆಯಿಂದ, ಮಂಗಳೂರಿನಿಂದ ಮೀನು ತುಂಬಿಕೊಂಡು ಘಟ್ಟ ಹತ್ತುವ ಪಿಕಪ್ ಗಾಡಿಗಳ ತಗಡಿನ ಮೇಲೆ ಆ ಕಥೆ ದಿನಾ ನಡೀತಾ ಇದೆ.

ಮೀನಿನ ಕ್ರೇಟಿನಲ್ಲಿ ಐಸ್ ಕರಗುತ್ತೆ. ಆ ಉಪ್ಪುನೀರು ಬಾಡಿಯ ಸಂದುಗಳಿಗೆ ಇಳಿಯುತ್ತೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಚಕ್ರದ ಮೇಲಿನ ಕಮಾನಿನ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿರುತ್ತೆ. ಇದಕ್ಕೆ ತುಕ್ಕು ಅಂತ ಒಂದೇ ಪದ ಹೇಳಿ ಮುಗಿಸ್ತೀವಿ. ಆದರೆ ಉಪ್ಪುನೀರಿನಲ್ಲಿ ಲೋಹ ಸವೆಯುವುದರ ಹಿಂದೆ ವಿದ್ಯುತ್ತಿನ ಕೈವಾಡ ಇದೆ, ಅದನ್ನು ವಿದ್ಯುತ್ತಿನ ಲೆಕ್ಕದಿಂದಲೇ ತಡೆಯಬಹುದು ಅಂತ ಮೊದಲು ಮಾಡಿ ತೋರಿಸಿದವನು ಡೇವಿ. ಅದಕ್ಕಾಗಿ ಅವನಿಗೆ ಸಿಕ್ಕಿದ್ದು ಸನ್ಮಾನ ಅಲ್ಲ, ನಗೆಪಾಟಲು. ಆ ಕಥೆಯನ್ನೇ ಇಲ್ಲಿ ಹೇಳೋಣ ಅಂತ ಹೊರಟಿದ್ದೇವೆ.

ಕಡಲ ಮಗ್ಗುಲಿನ ಹುಡುಗ

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಪೆನ್ಜಾನ್ಸ್ ಎಂಬ ಊರಿನಲ್ಲಿ. ಅದು ಕಾರ್ನ್‌ವಾಲ್ ಪ್ರಾಂತ್ಯ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ತವರ ಮತ್ತು ತಾಮ್ರದ ಗಣಿಗಳು. ಲೋಹ ಮತ್ತು ಉಪ್ಪುನೀರು ಎರಡೂ ಅವನಿಗೆ ಹುಟ್ಟಿನಿಂದಲೇ ಪರಿಚಯ ಅಂತ ಹೇಳಬಹುದು.

ಅಪ್ಪ ಮರದ ಕೆತ್ತನೆ ಕೆಲಸದವನು. ಐದು ಮಕ್ಕಳಲ್ಲಿ ಹಂಫ್ರಿಯೇ ದೊಡ್ಡವನು. 1794ರಲ್ಲಿ ಅಪ್ಪ ತೀರಿಕೊಂಡಾಗ ಮನೆಗೆ ಉಳಿದದ್ದು ಸಾಲ. ಮರುವರ್ಷವೇ ಹುಡುಗನನ್ನು ಊರಿನ ಒಬ್ಬ ವೈದ್ಯನ ಬಳಿ ಕೆಲಸ ಕಲಿಯಲು ಬಿಟ್ಟರು. ಯೂನಿವರ್ಸಿಟಿಯ ಮೆಟ್ಟಿಲು ಅವನು ವಿದ್ಯಾರ್ಥಿಯಾಗಿ ಯಾವತ್ತೂ ಹತ್ತಲಿಲ್ಲ. ಔಷಧಿ ಅರೆಯುತ್ತಾ, ಬಾಟಲಿ ತೊಳೆಯುತ್ತಾ, ರಾತ್ರಿ ಸಿಕ್ಕಿದ ಪುಸ್ತಕ ಓದುತ್ತಾ ಕೆಮಿಸ್ಟ್ರಿ ಕಲಿತ. ಕವಿತೆ ಬರೆಯೋದು, ಗಾಳ ಹಾಕಿ ಮೀನು ಹಿಡಿಯೋದು ಎರಡೂ ಅವನ ಹುಚ್ಚು. ಇವು ಕೊನೆಯವರೆಗೂ ಬಿಡಲಿಲ್ಲ.

ಆ ದಿನಗಳಲ್ಲಿ ಡೇವಿಸ್ ಗಿಲ್ಬರ್ಟ್ ಎಂಬ ವಿದ್ಯಾವಂತನ ಕಣ್ಣಿಗೆ ಈ ಹುಡುಗ ಬಿದ್ದ. ತನ್ನ ಪುಸ್ತಕಗಳನ್ನು ಓದಲು ಕೊಟ್ಟ, ಹತ್ತಿರದ ಹೇಲ್ ಎಂಬ ಬಂದರು ಊರಿನಲ್ಲಿದ್ದ ಒಂದು ಒಳ್ಳೆಯ ಪ್ರಯೋಗಶಾಲೆಗೂ ಪರಿಚಯ ಮಾಡಿಸಿದ. ಹೇಲ್ ಬಂದರಿನಲ್ಲಿ ನೀರು ತಡೆಯುವ ದೊಡ್ಡ ಬಾಗಿಲುಗಳಿದ್ದವು. ಅವುಗಳಲ್ಲಿ ತಾಮ್ರ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿಕೊಂಡಿದ್ದವು, ಸಮುದ್ರದ ನೀರು ಎರಡನ್ನೂ ತೋಯಿಸುತ್ತಿತ್ತು. ಅಲ್ಲಿನ ಕಬ್ಬಿಣ ವಿಪರೀತ ವೇಗದಲ್ಲಿ ತಿಂದುಹೋಗುತ್ತಿತ್ತು. ಯಾಕೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ನಾವು ಈಗ ಅದಕ್ಕೆ ಗ್ಯಾಲ್ವಾನಿಕ್ ಕರೋಶನ್ ಅಂತೀವಿ. ಹುಡುಗ ಅದನ್ನು ನೋಡಿದ, ತಲೆಯಲ್ಲಿಟ್ಟುಕೊಂಡ. ಅದು ಕೆಲಸಕ್ಕೆ ಬರಲು ಇನ್ನೂ 25 ವರ್ಷ ಬೇಕಿತ್ತು.

ಬ್ಯಾಟರಿ ಹಿಡಿದು ಬೆಳೆದವನು

1798ರಲ್ಲಿ, ಇನ್ನೂ 20 ತುಂಬುವ ಮೊದಲೇ, ಡೇವಿಗೆ ಬ್ರಿಸ್ಟಲ್‌ನಲ್ಲಿ ಕೆಲಸ ಸಿಕ್ಕಿತು. ಅನಿಲಗಳನ್ನು ಉಸಿರಾಡಿಸಿ ಕಾಯಿಲೆ ವಾಸಿ ಮಾಡಬಹುದಾ ಅಂತ ನೋಡುತ್ತಿದ್ದ ಸಂಸ್ಥೆ ಅದು. ಅಲ್ಲಿ ಅವನು ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲವನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡ. ನೋವು ಮರೆಸುವ ಗುಣ ಅದಕ್ಕಿದೆ, ಶಸ್ತ್ರಚಿಕಿತ್ಸೆಯಲ್ಲಿ ಬಳಸಬಹುದು ಅಂತ 1800ರಲ್ಲೇ ಬರೆದ. ಅದನ್ನು ಗಂಭೀರವಾಗಿ ತೆಗೆದುಕೊಳ್ಳಲು ವೈದ್ಯರಿಗೆ 40 ವರ್ಷಕ್ಕೂ ಹೆಚ್ಚು ಹಿಡಿಯಿತು.

ಅದೇ 1800ರಲ್ಲಿ ಇಟಲಿಯಿಂದ ದೊಡ್ಡ ಸುದ್ದಿ ಬಂತು. ವೋಲ್ಟಾ ಎರಡು ಬೇರೆ ಬೇರೆ ಲೋಹದ ಬಿಲ್ಲೆಗಳನ್ನು, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಇಟ್ಟು, ಒಂದರ ಮೇಲೊಂದು ಜೋಡಿಸಿ ಕರೆಂಟ್ ಹುಟ್ಟಿಸಿದ್ದ. ಎರಡು ಲೋಹ, ನಡುವೆ ಉಪ್ಪುನೀರು. ಹೇಲ್ ಬಂದರಿನ ಬಾಗಿಲಿನಲ್ಲಿ ಇದ್ದದ್ದೂ ಅದೇ ತಾನೆ! ಡೇವಿ ಈ ಹೊಸ ಬ್ಯಾಟರಿಯ ಹಿಂದೆ ಬಿದ್ದ. ಕರೆಂಟ್ ಹುಟ್ಟೋದು ಬರೀ ಲೋಹಗಳು ಮುಟ್ಟಿಕೊಂಡಿದ್ದರಿಂದಲ್ಲ, ಒಳಗೆ ನಡೆಯುವ ರಾಸಾಯನಿಕ ಕ್ರಿಯೆಗೂ ಅದಕ್ಕೂ ಗಟ್ಟಿ ನಂಟಿದೆ ಅನ್ನೋದು ಅವನ ತಲೆಗೆ ಹೊಳೆಯಿತು.

1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅವನನ್ನು ಕರೆಸಿಕೊಂಡಿತು. ಡೇವಿಯ ಉಪನ್ಯಾಸ ಅಂದರೆ ಇವತ್ತಿನ ಫೆಸ್ಟ್‌ನ ಸ್ಟಾರ್ ನೈಟ್ ಇದ್ದಂಗೆ. ಮುಂದೆ ಕೂತವರಲ್ಲಿ ಶ್ರೀಮಂತ ಮನೆತನದ ಹೆಂಗಸರು, ರಾಜಕಾರಣಿಗಳು, ಕವಿಗಳು ಎಲ್ಲರೂ ಇರುತ್ತಿದ್ದರು. 1807ರ ಅಕ್ಟೋಬರ್‌ನಲ್ಲಿ ಅವನು ಕರಗಿದ ಪೊಟ್ಯಾಷ್‌ಗೆ ಬ್ಯಾಟರಿ ಕೊಟ್ಟಾಗ ಬೆಳ್ಳಿಯಂತೆ ಹೊಳೆಯುವ ಸಣ್ಣ ಸಣ್ಣ ಹನಿಗಳು ಕಾಣಿಸಿಕೊಂಡು ಹತ್ತಿ ಉರಿದವು. ಅದು ಪೊಟ್ಯಾಸಿಯಂ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ದಾಯಾದಿ ಎಡ್ಮಂಡ್ ಡೇವಿ ನೆನಪಿಸಿಕೊಂಡ ಪ್ರಕಾರ, ಹಂಫ್ರಿ ಲ್ಯಾಬ್ ತುಂಬಾ ಕುಣಿದಾಡಿಬಿಟ್ಟನಂತೆ. ಕೆಲವೇ ದಿನಗಳಲ್ಲಿ ಸೋಡಿಯಂ ಸಿಕ್ಕಿತು. 1808ರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸ್ಟ್ರಾನ್ಷಿಯಂ, ಬೇರಿಯಂ. ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದ ಹೊತ್ತಿನಲ್ಲೇ ಫ್ರೆಂಚರು ಅವನಿಗೆ ಬಹುಮಾನ ಕೊಟ್ಟರು.

1812ರಲ್ಲಿ ಸರ್ ಪದವಿ ಬಂತು, ಮದುವೆಯೂ ಆಯಿತು. ಅದೇ ವರ್ಷ ಒಂದು ಸ್ಫೋಟದಲ್ಲಿ ಕಣ್ಣಿಗೆ ಪೆಟ್ಟಾಯಿತು. 1813ರಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದ ಒಬ್ಬ ಬಡ ಹುಡುಗ ಅವನ ಲ್ಯಾಬ್‌ಗೆ ಅಸಿಸ್ಟೆಂಟ್ ಆಗಿ ಸೇರಿದ. ಅವನ ಹೆಸರು ಮೈಕೆಲ್ ಫ್ಯಾರಡೆ. ಮುಂದೆ ಈ ಶಿಷ್ಯ ಎತ್ತರಕ್ಕೆ ಬೆಳೆದಾಗ ಡೇವಿಗೆ ಅದನ್ನು ಸಹಿಸೋಕೆ ಆಗಲಿಲ್ಲ, ರಾಯಲ್ ಸೊಸೈಟಿಗೆ ಫ್ಯಾರಡೆ ಆಯ್ಕೆ ಆಗೋದನ್ನು ವಿರೋಧಿಸಿದ. ದೊಡ್ಡವರ ಸಣ್ಣತನವನ್ನೂ ಬರೆಯದಿದ್ದರೆ ಜೀವನಚರಿತ್ರೆ ಪೂರ್ತಿ ಆಗಲ್ಲ.

ದೀಪದ ಜಾಲರಿಗೂ ತುಕ್ಕು

1812ರಲ್ಲಿ ಉತ್ತರ ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲು ಗಣಿಯಲ್ಲಿ ಅನಿಲ ಸ್ಫೋಟವಾಗಿ 92 ಜನ ಸತ್ತರು. ದೀಪ ಇಲ್ಲದೆ ಗಣಿಯಲ್ಲಿ ಕೆಲಸ ಇಲ್ಲ, ದೀಪ ಹಚ್ಚಿದರೆ ಅನಿಲ ಸ್ಫೋಟ. 1815ರಲ್ಲಿ ಈ ಸಮಸ್ಯೆ ಡೇವಿಯ ಕೈಗೆ ಬಂತು, ಕೆಲವೇ ತಿಂಗಳಲ್ಲಿ ಬಗೆಹರಿಸಿದ. ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿದ. ಒಂದು ಚದರ ಇಂಚಿಗೆ 784 ಕಿಂಡಿ. ಜಾಲರಿಯ ಲೋಹ ಶಾಖವನ್ನು ಹೀರಿಕೊಳ್ಳೋದರಿಂದ ಒಳಗಿನ ಬೆಂಕಿ ಹೊರಗಿನ ಅನಿಲಕ್ಕೆ ದಾಟಲ್ಲ. ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಅದೇ ಹೊತ್ತಿಗೆ ಜಾರ್ಜ್ ಸ್ಟೀಫನ್‌ಸನ್ ಕೂಡ ತನ್ನದೇ ರೀತಿಯ ದೀಪ ಮಾಡಿದ್ದ. ಮೊದಲು ಯಾರು ಅನ್ನೋ ಜಗಳ ಬಹಳ ದಿನ ಕಹಿಯಾಗಿ ನಡೆಯಿತು.

ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಬೇರೆ ಇದೆ. ಗಣಿಯ ಒದ್ದೆ ಗಾಳಿಯಲ್ಲಿ ಆ ಜಾಲರಿಗೆ ತುಕ್ಕು ಹಿಡಿಯುತ್ತಿತ್ತು. ಒಂದೇ ಒಂದು ತಂತಿ ತುಕ್ಕು ತಿಂದು ಕಡಿದುಹೋದರೂ ಸಾಕು, ದೀಪ ಅಪಾಯಕಾರಿ. ಜೊತೆಗೆ ದೀಪ ಬಂದಿದೆ ಅನ್ನೋ ಧೈರ್ಯಕ್ಕೆ, ಅನಿಲ ಜಾಸ್ತಿ ಅಂತ ಬಿಟ್ಟಿದ್ದ ಗಣಿಗಳಿಗೂ ಜನರನ್ನು ಇಳಿಸಿದರು. ಒಂದು ಸಮಸ್ಯೆ ಬಗೆಹರಿಸಿದರೆ ಅದರ ಬೆನ್ನಿಗೇ ಇನ್ನೊಂದು ಕಾದಿರುತ್ತೆ ಅನ್ನೋದಕ್ಕೆ ಇದು ಮೊದಲ ಸೂಚನೆ. ಡೇವಿ ಇದನ್ನು ಅಷ್ಟಾಗಿ ಗಮನಿಸಿದಂತೆ ಕಾಣಲ್ಲ.

ತಾಮ್ರದ ಹಡಗುಗಳು

1820ರಲ್ಲಿ ಡೇವಿ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಮರ ಕೆತ್ತುವವನ ಮಗ ದೇಶದ ವಿಜ್ಞಾನಕ್ಕೇ ಯಜಮಾನ. 1823ರಲ್ಲಿ ಬ್ರಿಟಿಷ್ ನೌಕಾಪಡೆ ಒಂದು ಕಷ್ಟ ಹೇಳಿಕೊಂಡು ಬಂತು.

ಆಗಿನ ಹಡಗುಗಳು ಮರದವು. ನೀರಿನ ಕೆಳಗಿನ ಮರವನ್ನು ಹಡಗು ಕೊರೆಯುವ ಹುಳು ತಿಂದು ಜರಡಿ ಮಾಡುತ್ತಿತ್ತು. ಪಾಚಿ, ಕಡಲಕಳೆ, ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಜೀವಿಗಳು ಅಂಟಿಕೊಂಡು ವೇಗ ಕುಗ್ಗಿಸುತ್ತಿದ್ದವು. ಅದಕ್ಕೆ ಹಡಗಿನ ಹೊಟ್ಟೆಗೆ ತಾಮ್ರದ ತಗಡು ಹೊದಿಸುವ ಪದ್ಧತಿ ಶುರುವಾಯಿತು. 1761ರಲ್ಲಿ ಅಲಾರ್ಮ್ ಎಂಬ ಹಡಗಿಗೆ ಹೀಗೆ ತಾಮ್ರ ಹೊದಿಸಿದ್ದರು. ಎರಡು ವರ್ಷದ ನಂತರ ಪರೀಕ್ಷಿಸಿದಾಗ ತಾಮ್ರದ ತಗಡುಗಳು ಕೆಲವು ಕಡೆ ಕಳಚಿಬಿದ್ದಿದ್ದವು. ಕಾರಣ, ತಾಮ್ರ ತಾಗಿದ್ದ ಕಬ್ಬಿಣದ ಮೊಳೆಗಳು ಕೊಳೆತುಹೋಗಿದ್ದವು. ವಿಚಿತ್ರ ಏನಪ್ಪ ಅಂದರೆ, ತಾಮ್ರ ಪ್ಯಾಕ್ ಆಗಿ ಬಂದಿದ್ದ ಕಂದು ಕಾಗದ ಎಲ್ಲೆಲ್ಲಿ ಮೊಳೆಗೂ ತಗಡಿಗೂ ನಡುವೆ ಸಿಕ್ಕಿಕೊಂಡಿತ್ತೋ ಅಲ್ಲೆಲ್ಲ ಮೊಳೆ ಚೆನ್ನಾಗಿತ್ತು. ಒಂದು ಚೂರು ಕಾಗದ ಇನ್ಸುಲೇಟರ್ ಆಗಿ ಕೆಲಸ ಮಾಡಿತ್ತು.

ಮುಂದೆ ಕಬ್ಬಿಣದ ಮೊಳೆ ಬಿಟ್ಟು ತಾಮ್ರದ ಮಿಶ್ರಲೋಹದ ಮೊಳೆ ಬಳಸಿದರು. ಆದರೂ ತಾಮ್ರವೇ ಸಮುದ್ರದ ನೀರಿನಲ್ಲಿ ನಿಧಾನವಾಗಿ ಸವೆಯುತ್ತಿತ್ತು. ಇಡೀ ನೌಕಾಪಡೆಗೆ ಮತ್ತೆ ಮತ್ತೆ ತಾಮ್ರ ಹೊದಿಸೋದು ಅಂದರೆ ಖರ್ಚು ಅಷ್ಟಿಷ್ಟಲ್ಲ. ತಾಮ್ರದಲ್ಲಿ ಕಲಬೆರಕೆ ಇದೆಯಾ ಅಂತ ನೌಕಾಪಡೆಗೆ ಅನುಮಾನ. ಡೇವಿ ನೋಡಿದ. ದೋಷ ತಾಮ್ರದ ಶುದ್ಧತೆಯಲ್ಲಿಲ್ಲ, ನೀರಿನಲ್ಲಿ ಕರಗಿರುವ ಆಮ್ಲಜನಕ ಮತ್ತು ಉಪ್ಪು ಸೇರಿ ತಾಮ್ರವನ್ನು ತಿನ್ನುತ್ತಿವೆ ಅಂತ ತೀರ್ಮಾನಿಸಿದ.

ಇಲ್ಲಿಂದ ಮುಂದೆ ಅವನು ಯೋಚಿಸಿದ ರೀತಿ ಬಹಳ ಚೆಂದ. ತಾಮ್ರ ಕರಗಬೇಕಾದರೆ ಅದು ಒಂದು ವಿದ್ಯುತ್ ಸ್ಥಿತಿಯಲ್ಲಿ ಇರಬೇಕು. ಆ ಸ್ಥಿತಿಯನ್ನೇ ತಿರುಗಿಸಿಬಿಟ್ಟರೆ? ತಾಮ್ರಕ್ಕಿಂತ ಬೇಗ ಕರಗುವ ಲೋಹವೊಂದನ್ನು, ಅಂದರೆ ಸತು ಅಥವಾ ಕಬ್ಬಿಣವನ್ನು, ತಾಮ್ರಕ್ಕೆ ತಾಗಿಸಿ ಇಟ್ಟರೆ ಆ ಲೋಹ ತಾನು ಕರಗಿ ತಾಮ್ರವನ್ನು ಉಳಿಸಬೇಕು. ಎಲೆಕ್ಟ್ರಾನ್ ಅನ್ನೋದು ಆಗ ಯಾರ ಕನಸಿನಲ್ಲೂ ಇರಲಿಲ್ಲ, ನೆನಪಿರಲಿ. ಗಾಜಿನ ಪಾತ್ರೆಯಲ್ಲಿ ಸಮುದ್ರದ ನೀರು ಹಾಕಿ ನೋಡಿದ. ಬಟಾಣಿ ಕಾಳಿನಷ್ಟು ಸತು 40, 50 ಚದರ ಇಂಚು ತಾಮ್ರವನ್ನು ಕಾಪಾಡಿತು. ನಾವು ಪರೀಕ್ಷೆಯಲ್ಲಿ ಬರೆಯುವ ಸ್ಯಾಕ್ರಿಫೀಷಿಯಲ್ ಆನೋಡ್ ಹುಟ್ಟಿದ್ದು ಹೀಗೆ. 1824ರ ಜನವರಿಯಲ್ಲಿ ರಾಯಲ್ ಸೊಸೈಟಿಯಲ್ಲಿ ಈ ಪ್ರಬಂಧ ಓದಿದ.

ನೌಕಾಪಡೆ ಖುಷಿಯಾಗಿ ನಿಜವಾದ ಹಡಗುಗಳನ್ನೇ ಪ್ರಯೋಗಕ್ಕೆ ಕೊಟ್ಟಿತು. ಅವುಗಳಲ್ಲೊಂದರ ಹೆಸರು ಸಮರಾಂಗ್. ಈ ಹಡಗು ಕಟ್ಟಿದ್ದು ನಮ್ಮದೇ ಪಶ್ಚಿಮ ಕರಾವಳಿಯಲ್ಲಿ, ಕೊಚ್ಚಿಯಲ್ಲಿ, ತೇಗದ ಮರದಿಂದ. ನೀರಿಗಿಳಿದದ್ದು 1822ರಲ್ಲಿ. ಅದರ ತಾಮ್ರದ ಮೇಲ್ಮೈಯ ಸುಮಾರು 80ರಲ್ಲಿ ಒಂದು ಭಾಗದಷ್ಟು ಎರಕದ ಕಬ್ಬಿಣವನ್ನು ತಾಗಿಸಿ ಉತ್ತರ ಅಮೆರಿಕದ ನೋವಾ ಸ್ಕೋಷಿಯಾಗೆ ಕಳಿಸಿದರು. 1825ರ ಆರಂಭದಲ್ಲಿ ಅದು ವಾಪಸ್ ಬಂದಾಗ ತಾಮ್ರ ಹೆಚ್ಚೂಕಡಿಮೆ ಸವೆದೇ ಇರಲಿಲ್ಲ. ಲೆಕ್ಕ ಸರಿಯಾಗಿತ್ತು.

ಆದರೆ ಹೀಗೆ ರಕ್ಷಣೆ ಕೊಟ್ಟ ಬೇರೆ ಹಡಗುಗಳಿಂದ ದೂರು ಬರತೊಡಗಿತು. ತಾಮ್ರ ಚೆನ್ನಾಗಿದೆ, ಹಡಗು ಓಡ್ತಿಲ್ಲ. ತಳ ನೋಡಿದರೆ ಕಡಲಕಳೆ, ಬಾರ್ನಕಲ್‌ಗಳ ಕಾಡು. ಆಗಿದ್ದಿಷ್ಟು: ತಾಮ್ರ ಸ್ವಲ್ಪ ಸ್ವಲ್ಪ ಕರಗಿ ನೀರಿಗೆ ಸೇರುತ್ತಿದ್ದ ವಿಷವೇ ಆ ಜೀವಿಗಳನ್ನು ದೂರ ಇಟ್ಟಿತ್ತು. ತಾಮ್ರದ ಸವೆತವೇ ತಾಮ್ರದ ಕೆಲಸ. ಡೇವಿ ಸವೆತ ನಿಲ್ಲಿಸಿದ, ತಾಮ್ರದ ಕೆಲಸವೂ ನಿಂತುಹೋಯಿತು. ಜೊತೆಗೆ ರಕ್ಷಣೆ ಪಡೆದ ತಾಮ್ರದ ಮೇಲೆ ಸುಣ್ಣ, ಮೆಗ್ನೀಸಿಯಂ ಲವಣಗಳ ತೆಳು ಪದರ ಕೂತು, ಜೀವಿಗಳಿಗೆ ಅಂಟಿಕೊಳ್ಳಲು ಒಳ್ಳೆಯ ನೆಲ ಸಿಕ್ಕಂತಾಯಿತು.

ಪತ್ರಿಕೆಗಳು ಬಿಡಲಿಲ್ಲ. ಲ್ಯಾಬಿನಲ್ಲಿ ಕೂತ ಪಂಡಿತನಿಗೆ ಹಡಗಿನ ವಿಷಯ ಏನು ಗೊತ್ತು ಅನ್ನೋ ಧಾಟಿಯ ಟೀಕೆ ಬಂದವು. ಡೇವಿಗೆ ಮೊದಲೇ ಬಿಗುಮಾನ ಜಾಸ್ತಿ, ಮೇಲೆ ಅಧ್ಯಕ್ಷನ ಕುರ್ಚಿ. ಇದು ಅವನನ್ನು ಚುಚ್ಚಿತು. ಇರೋ ದಾರಿಯನ್ನೆಲ್ಲ ನೋಡಿದ. ಕಬ್ಬಿಣ, ಸತುವಿನ ಅಳತೆ ಕಮ್ಮಿ ಮಾಡಿ, ತಾಮ್ರ ಸ್ವಲ್ಪವೇ ಕರಗುವಂತೆ ಹೊಂದಿಸಲು ಯತ್ನಿಸಿದ. ಸಮುದ್ರ ಗಾಜಿನ ಪಾತ್ರೆಯಲ್ಲ, ಅಷ್ಟು ಸೂಕ್ಷ್ಮ ಹೊಂದಾಣಿಕೆಗೆ ಸಿಗಲಿಲ್ಲ. 1825ರಲ್ಲೇ ನೌಕಾಪಡೆ ಓಡಾಡುವ ಹಡಗುಗಳಿಂದ ಈ ರಕ್ಷಕ ತುಂಡುಗಳನ್ನು ಕೈಬಿಡಲು ಹೇಳಿತು, 1828ರ ಹೊತ್ತಿಗೆ ಯೋಜನೆಯೇ ಮುಗಿಯಿತು.

ಕೊನೆಯ ದಿನಗಳು

1826ರ ಕೊನೆಯಲ್ಲಿ ಡೇವಿಗೆ ಪಾರ್ಶ್ವವಾಯು ಹೊಡೆಯಿತು. ಮರುವರ್ಷ ಅಧ್ಯಕ್ಷ ಸ್ಥಾನ ಬಿಟ್ಟ. ಆ ಜಾಗಕ್ಕೆ ಬಂದವನು, ಹಿಂದೆ ಹೇಲ್ ಬಂದರಿನ ದಾರಿ ತೋರಿಸಿದ್ದ ಅದೇ ಡೇವಿಸ್ ಗಿಲ್ಬರ್ಟ್. ಡೇವಿ ಯುರೋಪಿನಲ್ಲಿ ಊರೂರು ಅಲೆಯುತ್ತಾ, ಕೈಲಾದಾಗ ಗಾಳ ಹಿಡಿದು ನದಿ ದಡದಲ್ಲಿ ಕೂರುತ್ತಾ, ಮೀನು ಹಿಡಿಯುವ ಬಗ್ಗೆ ಒಂದು ಪುಸ್ತಕವನ್ನೂ ಬರೆದ. 1829ರ ಮೇ 29ರಂದು ಜಿನೀವಾದಲ್ಲಿ ತೀರಿಕೊಂಡ. ವಯಸ್ಸು ಬರೀ 50. ಅಲ್ಲೇ ಮಣ್ಣು ಮಾಡಿದರು. ಸತುವಿನ ವಿಚಾರದಲ್ಲಿ ತಾನು ಸೋತೆ ಅನ್ನೋ ಮಾತನ್ನು ಹೊತ್ತುಕೊಂಡೇ ಹೋದ ಅಂತ ನಮಗನ್ನಿಸುತ್ತೆ.

ಆದರೆ ಅವನ ತತ್ವ ಸೋತಿರಲಿಲ್ಲ, ಹಚ್ಚಿದ ಜಾಗ ತಪ್ಪಾಗಿತ್ತು. ತಾಮ್ರಕ್ಕೆ ಸವೆಯುವ ಕೆಲಸ ಇತ್ತು, ಕಬ್ಬಿಣಕ್ಕೆ ಆ ಕೆಲಸ ಇಲ್ಲ. ಕಬ್ಬಿಣ ಉಳಿದರೆ ಸಾಕು. 1830ರ ಆಸುಪಾಸಿನಲ್ಲಿ, ಹಿಂದೆ ಲ್ಯಾಬಿನಲ್ಲಿ ಜೊತೆಗಿದ್ದ ದಾಯಾದಿ ಎಡ್ಮಂಡ್ ಡೇವಿ, ಸಮುದ್ರದಲ್ಲಿ ತೇಲುವ ಕಬ್ಬಿಣದ ಬೋಯ್‌ಗಳಿಗೆ ಸತು ಕಟ್ಟಿ ಅವುಗಳನ್ನು ಉಳಿಸಿದ. 1837ರಲ್ಲಿ ಫ್ರಾನ್ಸಿನ ಸೋರೆಲ್, ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಗ್ಯಾಲ್ವನೈಸಿಂಗ್ ಅನ್ನೋ ಹೆಸರು ಜನರ ಬಾಯಿಗೆ ಬಂತು. ನಮ್ಮ ಮನೆ ಮೇಲಿನ ಜಿಐ ಶೀಟಿನಿಂದ ಹಿಡಿದು ಇತ್ತೀಚಿನ ಹಲವು ವಾಹನಗಳ ಬಾಡಿ ತಗಡಿನವರೆಗೆ ಆ ಸತುವಿನ ಪದರ ಇದೆ. ಗೀರು ಬಿದ್ದರೆ ಮೊದಲು ಸತು ಕರಗುತ್ತೆ, ಕಬ್ಬಿಣ ಆಮೇಲೆ.

ಡೇವಿ ಕಣ್ಣಲ್ಲಿ ಒಂದು ಪಿಕಪ್

ಈಗ ಕರಾವಳಿಯಲ್ಲಿ ಏಳೆಂಟು ವರ್ಷ ದುಡಿದ ಒಂದು ಪಿಕಪ್ ಮುಂದೆ ಡೇವಿಯನ್ನು ನಿಲ್ಲಿಸೋಣ. ಅವನು ಮೊದಲು ಕೇಳುವ ಪ್ರಶ್ನೆ, ನೀರು ಎಲ್ಲಿ ನಿಲ್ಲುತ್ತೆ? ತುಕ್ಕು ಹುಡುಕೋಕೆ ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ. ಬಾಗಿಲಿನ ಕೆಳ ಅಂಚು, ಚಕ್ರದ ಕಮಾನಿನ ಒಳಮಡಿಕೆ, ಕ್ಯಾಬಿನ್ನಿನ ಹಿಂಬದಿಯ ಕೆಳಮೂಲೆಗಳು, ಹಿಂದಿನ ಬಾಗಿಲಿನ ಮಡಿಕೆ, ಲೋಡ್ ಬಾಡಿಯನ್ನು ಚಾಸಿಗೆ ಬೋಲ್ಟ್ ಮಾಡಿದ ಜಾಗ, ಒಳಗೆ ಕಾಲಡಿಯ ಮ್ಯಾಟ್ ಕೆಳಗೆ. ಈ ಮಡಿಕೆಗಳಲ್ಲಿ ಕೂತ ಕೆಸರು ಸ್ಪಂಜಿನಂತೆ ಉಪ್ಪುನೀರು ಹಿಡಿದಿಟ್ಟುಕೊಳ್ಳುತ್ತೆ. ಕೆಸರಿನಡಿ ಆಮ್ಲಜನಕ ಕಮ್ಮಿ ಇರೋದರಿಂದ ಆ ಜಾಗ ಆನೋಡ್ ಆಗುತ್ತೆ. ಫಸ್ಟ್ ಇಯರ್‌ನಲ್ಲಿ ಬಾಯಿಪಾಠ ಮಾಡಿದ ಡಿಫರೆನ್ಷಿಯಲ್ ಏರೇಶನ್ ಇದೇ.

ಪೇಂಟಿನ ಗುಳ್ಳೆ ನೋಡಿ ಸಣ್ಣದು ಅಂತ ಬಿಡಬಾರದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತೆ, ಅದಕ್ಕೇ ಪೇಂಟನ್ನು ಎತ್ತುತ್ತೆ. ಗುಳ್ಳೆ ಕಾಣೋ ಹೊತ್ತಿಗೆ ಒಳಗೆ ಅದಕ್ಕಿಂತ ಅಗಲ ಹರಡಿರುತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಠಣ್ ಅನ್ನುತ್ತೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಸಣ್ಣ ಮ್ಯಾಗ್ನೆಟ್ ಜೇಬಲ್ಲಿರಲಿ. ಪುಟ್ಟಿ ದಪ್ಪ ಹಚ್ಚಿದ ಕಡೆ ಅದು ಸರಿಯಾಗಿ ಅಂಟಲ್ಲ.

ರಿಪೇರಿ ತುಕ್ಕಿನ ಆಳ ನೋಡಿ ಮಾಡಬೇಕು. ಬರೀ ಮೇಲ್ಮೈಯದಾದರೆ ಗುಳ್ಳೆಯ ಅಂಚಿನಿಂದಾಚೆಗೂ ಉಜ್ಜಿ, ಹೊಳೆಯುವ ತಗಡು ಕಾಣಬೇಕು. ಎಣ್ಣೆ ಜಿಡ್ಡು ಒರೆಸಿ, ಪೂರ್ತಿ ಒಣಗಿಸಿ, ತಡಮಾಡದೆ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಗುಂಡಿ ಗುಂಡಿಯಾಗಿ ತಿಂದಿದ್ದರೆ, ಉಜ್ಜಿದ ಮೇಲೂ ಗುಂಡಿಯೊಳಗೆ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಬೇಕು. ತೂತೇ ಬಿದ್ದಿದ್ದರೆ ಪುಟ್ಟಿ ಮೆತ್ತಿ ಪೇಂಟ್ ಹೊಡೆಯೋದು ಕಣ್ಣಿಗೆ ಮಣ್ಣು ಹಾಕುವ ಕೆಲಸ. ಪುಟ್ಟಿ ನೀರು ಹೀರುತ್ತೆ, ಹಿಂದಿನಿಂದ ತುಕ್ಕು ತಿನ್ನುತ್ತಲೇ ಇರುತ್ತೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಬೇಕು. ವೆಲ್ಡಿಂಗ್ ಶಾಖಕ್ಕೆ ಹಿಂಬದಿಯ ಸತು, ಪೇಂಟ್ ಎಲ್ಲ ಸುಟ್ಟುಹೋಗಿರುತ್ತೆ. ಒಳಗಿನಿಂದ ವ್ಯಾಕ್ಸ್ ಸಿಂಪಡಿಸದಿದ್ದರೆ ಅದೇ ಜಾಗದಲ್ಲಿ ಮತ್ತೆ ತುಕ್ಕು ಶುರು. ಸತು ಸುಟ್ಟ ಹೊಗೆ ಕುಡಿದರೆ ಜ್ವರ ಬರುತ್ತೆ, ಹಾಗಾಗಿ ವೆಲ್ಡ್ ಮಾಡುವ ಕಡೆ ಸತುವನ್ನು ಮೊದಲೇ ಉಜ್ಜಿ ತೆಗೆಯಬೇಕು, ಗಾಳಿಯಾಡುವ ಜಾಗದಲ್ಲಿ ಸರಿಯಾದ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಬೇಕು.

ಹಾಗಾದರೆ ಹಡಗಿಗೆ ಕಟ್ಟಿದ ಹಾಗೆ ಪಿಕಪ್ ಚಾಸಿಗೂ ಒಂದು ಸತುವಿನ ಗಟ್ಟಿ ಕಟ್ಟಿಬಿಟ್ಟರೆ? ಆಗಲ್ಲ. ಹಡಗು ಪೂರ್ತಿ ನೀರಿನಲ್ಲಿರುತ್ತೆ, ಸತುವಿನಿಂದ ತಾಮ್ರದವರೆಗೆ ಸರ್ಕ್ಯೂಟ್ ಮುಚ್ಚಲು ಸಮುದ್ರವೇ ಇದೆ. ಪಿಕಪ್ ಗಾಳಿಯಲ್ಲಿರುತ್ತೆ. ಇಲ್ಲೊಂದು ಹನಿ, ಅಲ್ಲೊಂದು ಹನಿ. ಚಾಸಿಯ ಸತುವಿಗೆ ಬಾಗಿಲಿನ ಹನಿ ಸಿಗಲ್ಲ. ಬ್ಯಾಟರಿಗೆ ತಂತಿ ಕೊಟ್ಟು ಇಡೀ ಗಾಡಿಯ ತುಕ್ಕು ನಿಲ್ಲಿಸ್ತೀವಿ ಅನ್ನೋ ಎಲೆಕ್ಟ್ರಾನಿಕ್ ಡಬ್ಬಿಗಳನ್ನು ಅನುಮಾನದಿಂದ ನೋಡಬೇಕಾದ್ದೂ ಇದಕ್ಕೇ. ಗಾಡಿಗೆ ಸತು ಬೇಕಾದರೆ ತಗಡಿನ ಮೈತುಂಬಾ ಇರಬೇಕು. ಸತು ತುಂಬಿದ ಪ್ರೈಮರ್ ಕೂಡ ಬರಿ ಕಬ್ಬಿಣಕ್ಕೆ ತಾಗಿದರೆ ಮಾತ್ರ ಸತುವಿನ ಕೆಲಸ ಮಾಡುತ್ತೆ, ಹಳೆ ಪೇಂಟ್ ಮೇಲೆ ಹೊಡೆದರೆ ಅದು ಬರೀ ಬೂದು ಬಣ್ಣ.

ಫ್ಯಾಕ್ಟರಿಯಲ್ಲಿ ಮಾತ್ರ ಕರೆಂಟಿನ ಉಪಾಯ ಚೆನ್ನಾಗಿ ನಡೆಯುತ್ತೆ. ಅಲ್ಲಿ ಇಡೀ ಬಾಡಿಯನ್ನು ಪೇಂಟ್ ತೊಟ್ಟಿಯಲ್ಲಿ ಮುಳುಗಿಸಿ ಕ್ಯಾಥೋಡ್ ಮಾಡ್ತಾರೆ, ಸ್ಪ್ರೇ ತಲುಪದ ಮೂಲೆಗೂ ಪೇಂಟ್ ಹೋಗಿ ಕೂರುತ್ತೆ. ಆ ಪದರವನ್ನು ನಾವು ಡ್ರಿಲ್ ಹಿಡಿದು ಹಾಳು ಮಾಡ್ತೀವಿ. ಬಂಪರ್ ಗಾರ್ಡ್‌ಗೋ, ಕ್ಯಾರಿಯರ್‌ಗೋ ತೂತು ಕೊರೆದರೆ ಅದರ ಅಂಚಿಗೆ ಪ್ರೈಮರ್ ಹಚ್ಚಲೇಬೇಕು. ಲೋಡ್ ಬಾಡಿಗೆ ಅಲ್ಯೂಮಿನಿಯಂ ಶೀಟ್ ಹಾಕಿಸುವಾಗ ಅಲಾರ್ಮ್ ಹಡಗಿನ ಕಂದು ಕಾಗದ ನೆನಪಾಗಲಿ: ನಡುವೆ ರಬ್ಬರ್ ಶೀಟ್, ಬೋಲ್ಟಿಗೆ ನೈಲಾನ್ ವಾಷರ್.

ಇನ್ನು ಖರ್ಚಿಲ್ಲದ ಕೆಲಸಗಳು. ಮೀನಿನ ಲೋಡ್ ಇಳಿಸಿದ ದಿನವೇ ಸಿಹಿನೀರಿನಿಂದ ಬಾಡಿ, ಅದಕ್ಕಿಂತ ಮುಖ್ಯವಾಗಿ ಗಾಡಿಯ ಅಡಿಭಾಗ ತೊಳೆಯಬೇಕು. ಬಾಗಿಲಿನ ಕೆಳಗಿನ ನೀರು ಹೋಗುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಬೇಕು. ಮ್ಯಾಟ್ ತೆಗೆದು ಬಿಸಿಲಿಗೆ ಹಾಕಬೇಕು. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕೆಳಗೆ ಬಗ್ಗಿ ನೋಡಬೇಕು. ಅಡಿಭಾಗಕ್ಕೆ ಕಪ್ಪು ಅಂಡರ್‌ಕೋಟ್ ಹೊಡೆಸುವವರಿಗೆ ಡೇವಿಯ ಪಾಠ ನೇರವಾಗಿ ಅನ್ವಯಿಸುತ್ತೆ. ಒದ್ದೆ ಕೆಸರಿನ ಮೇಲೆ ದಪ್ಪ ಕೋಟ್ ಬಿದ್ದರೆ ಅದು ನೀರನ್ನು ಹೊರಗಿಡಲ್ಲ, ಒಳಗೆ ಕೂಡಿಹಾಕುತ್ತೆ. ಹೊರಗೆ ಕಪ್ಪಗೆ ಮಿಂಚುತ್ತೆ, ಒಳಗೆ ಚಾಸಿ ಹೋಗುತ್ತೆ.

ಇಂಜಿನಿಯರಿಂಗ್ ಓದುವ ನಮಗೆ ಡೇವಿಯ ಪೊಟ್ಯಾಸಿಯಂಗಿಂತ ಈ ತಾಮ್ರದ ಕಥೆಯೇ ಹೆಚ್ಚು ಹತ್ತಿರದ್ದು ಅನ್ನಿಸುತ್ತೆ. ತಾಮ್ರ ಸವೆಯದಂತೆ ಮಾಡಿ ಅಂತ ನೌಕಾಪಡೆ ಕೇಳಿತು, ಅವನು ಮಾಡಿಕೊಟ್ಟ. ತಾಮ್ರ ಅಲ್ಲಿ ಯಾಕಿದೆ ಅಂತ ಕೇಳಿದವನು ಅವರಲ್ಲೂ ಇಲ್ಲ, ಇವನೂ ಅಲ್ಲ. ಇವತ್ತಿನ ಉಕ್ಕಿನ ಹಡಗಿನ ತಳದಲ್ಲಿ ಸತುವಿನ ಗಟ್ಟಿಯೂ ಇರುತ್ತೆ, ಜೀವಿಗಳು ಅಂಟದಿರಲಿ ಅಂತ ಹಲವು ಕಡೆ ತಾಮ್ರ ಬೆರೆತ ಪೇಂಟೂ ಇರುತ್ತೆ. ತುಕ್ಕು ತಡೆಯೋ ಕೆಲಸ ಒಂದಕ್ಕೆ, ಜೀವಿಗಳನ್ನು ದೂರ ಇಡೋ ಕೆಲಸ ಇನ್ನೊಂದಕ್ಕೆ. ಡೇವಿ ಒಂದೇ ತಗಡಿನಿಂದ ಎರಡನ್ನೂ ಬಯಸಿದ್ದ.

ಕರೋಶನ್ ಚಾಪ್ಟರಿನಲ್ಲಿ ಸ್ಯಾಕ್ರಿಫೀಷಿಯಲ್ ಆನೋಡ್ ಅನ್ನೋ ಹೆಡಿಂಗ್ ಬಂದಾಗ, ಪಕ್ಕದ ಮಾರ್ಜಿನ್‌ನಲ್ಲಿ ಅವನ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳೋಣ. ಜೊತೆಗೆ 1824 ಅಂತ ಇಸವಿಯನ್ನೂ.